ಕಡಲಬದಿ ಎಷ್ಟು ಹೆಕ್ಕಿದರೂ ಮುಗಿಯುವುದಿಲ್ಲ, ಈ ಸಲ ತೋಡಿಗೆ ಇಳಿಯೋಣವಾ?

ನೆಲ್ಲಿಕುಂಜೆಯವ

ಬಿಸು ಹಬ್ಬ ಕಳೆಯಿತು. ಮಳೆಗೆ ಇನ್ನು ಹೆಚ್ಚೆಂದರೆ ಒಂದೂವರೆ ತಿಂಗಳು. ಕಾಸರಗೋಡಿನ ನಮ್ಮ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಕಡಪ್ಪುರ (ಕಡಲತೀರ) ಸ್ವಚ್ಛತೆಯ ಮಾತು ಸುರುವಾಗಿದೆ. ಟೀ ಶರ್ಟು ಯಾವ ಬಣ್ಣ, ಉದ್ಘಾಟನೆಗೆ ಯಾರು, ಬ್ಯಾನರಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಇಷ್ಟಕ್ಕೇ ಮೆಸೇಜುಗಳ ರಾಶಿ. ಕಸ ಎಲ್ಲಿಂದ ಬರ್ತದೆ ಅಂತ ಒಬ್ಬನೂ ಕೇಳಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಲೆಕ್ಕ ಹೀಗೆ. ಸಂಜೆ ಗಾಳಿಗೆ ಬಂದವರು ಬಿಸಾಡುವುದು ಕಡ್ಲೆ ಪೊಟ್ಟಣ, ಐಸ್‌ಕ್ರೀಮಿನ ಕಪ್ಪು, ನೀರಿನ ಬಾಟ್ಲಿ. ಉಳಿದದ್ದನ್ನು ಕೈಯಲ್ಲಿ ಹಿಡಿದು ನೋಡಿ. ಶ್ಯಾಂಪೂ ಸ್ಯಾಶೆ, ಮಾತ್ರೆಯ ಖಾಲಿ ಪಟ್ಟಿ, ಹಾಲಿನ ತೊಟ್ಟೆಯ ಕತ್ತರಿಸಿದ ಮೂಲೆ, ಮಕ್ಕಳ ಡೈಪರ್, ಒಂಟಿ ಚಪ್ಪಲಿ. ಹಾಲಿನ ತೊಟ್ಟೆ ಹಿಡ್ಕೊಂಡು ಸೂರ್ಯಾಸ್ತ ನೋಡಲು ಯಾರು ಬರ್ತಾರೆ ಮಾರಾಯ್ರೆ? ಎಲ್ಲ ಅಡುಗೆಮನೆ, ಬಚ್ಚಲಿನ ಸಾಮಾನು. ಮನೆ ಹಿಂದಿನ ಚರಂಡಿಯಿಂದ ತೋಡಿಗೆ (ಸಣ್ಣ ಹಳ್ಳ), ತೋಡಿನಿಂದ ಅಳಿವೆಗೆ, ಅಳಿವೆಯಿಂದ ಕಡಲಿಗೆ. ಕಡಲು ಇಟ್ಟುಕೊಳ್ಳುವುದಿಲ್ಲ, ನಾಲ್ಕು ಭರತ ಕಳೆಯುವುದರೊಳಗೆ ನಮ್ಮ ಕಾಲಬುಡಕ್ಕೇ ತಂದು ಹಾಕುತ್ತದೆ. ನಾವು ಅದನ್ನು ಹೆಕ್ಕಿ ಫೋಟೊ ಹಾಕ್ತೇವೆ.

ಹಾಗಾಗಿ ಒಂದು ಯೋಚನೆ. ಈ ಸಲ ಅದೇ ಜನ, ಅದೇ ಗೋಣಿ, ಅದೇ ಕೈಗವಸು ಹಿಡ್ಕೊಂಡು ಮೊದಲ ಮಳೆಗೆ ಮುಂಚೆ ಪೇಟೆಯ ಕೆಳಗಿನ ತೋಡಿಗೆ ಇಳಿಯುವುದು. ತೋಡು ಇಕ್ಕಟ್ಟಾಗಿರುವ ಒಂದು ಕಡೆ ಅಡ್ಡಕ್ಕೆ ಬಲೆ ಕಟ್ಟುವುದು. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಅಲ್ಲಿ ನಿಂತದ್ದನ್ನು ತೆಗೆಯುವುದು. ಇದು ನಡೆಯುವ ಕೆಲಸವಾ? ಗೊತ್ತಿದ್ದವರು ಹೇಳಿ.

ಪ್ರಶ್ನೆಪತ್ರಿಕೆ

ತೋಡಿಗೆ ಇಳಿದರೆ ಫೋಟೊ ಚಂದ ಬರುವುದಿಲ್ಲ. ನಿಮ್ಮ ಯೋಜನೆ ಅಲ್ಲಿಗೇ ಮುಗಿಯಿತು.

ತೋಡಿನಬದಿ ಟೀಚರ್

ನಡೆಯುವ ಕೆಲಸವೇ. ಆದರೆ ಕಡಪ್ಪುರವನ್ನು ಪೂರ್ತಿ ಬಿಡುವುದು ಬೇಡ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಕರ್ಕೊಂಡು ಹೋಗುತ್ತಿದ್ದವಳು ನಾನು. ಅವರಿಂದ ಹೆಕ್ಕಿಸುವುದಕ್ಕಿಂತ ಬರೆಯಿಸುವುದರಲ್ಲಿ ಪ್ರಯೋಜನ ಜಾಸ್ತಿ. ಸೆಪ್ಟೆಂಬರಿನ ಮೂರನೇ ಶನಿವಾರ ಲೋಕದಲ್ಲೆಲ್ಲ ಕಡಲತೀರ ಸ್ವಚ್ಛತೆ ಮಾಡ್ತಾರಲ್ಲ, ಅದು 1986ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಸುರುವಾದಾಗಲೇ ಬಂದವರಿಗೆ ಒಂದು ಕಾರ್ಡು ಕೊಟ್ಟಿದ್ದರು. ಸಿಕ್ಕಿದ ವಸ್ತು ಯಾವುದು, ಎಷ್ಟು ಅಂತ ಗುರುತು ಹಾಕಬೇಕು. ಆ ಕಾರ್ಡು ನಮ್ಮಲ್ಲಿಗೆ ಬರುವಾಗ ಎಲ್ಲೋ ಬಿದ್ದುಹೋಯಿತು, ಟೀ ಶರ್ಟು ಮಾತ್ರ ಬಂತು. ನಾವು "ಇಷ್ಟು ಗೋಣಿ ಕಸ" ಅಂತ ಪೇಪರಿಗೆ ಕೊಡ್ತೇವೆ. ಗೋಣಿಯ ಲೆಕ್ಕದಿಂದ ಕಸ ಬಂದ ದಾರಿ ಗೊತ್ತಾಗುವುದಿಲ್ಲ.

ಹಾಲಿನ ತೊಟ್ಟೆಯ ವಿಷಯ ಬಂತಲ್ಲ, ಅದಕ್ಕೆ ಹೇಳ್ತೇನೆ. ಏಳನೇ ಕ್ಲಾಸಿನ ಒಬ್ಬಳು ಬರೀ ಮೂಲೆಗಳನ್ನೇ ಹೆಕ್ಕಿ ಅಂಗೈ ತುಂಬ ತಂದು, "ಟೀಚರ್, ಮೂಲೆ ಇಷ್ಟುಂಟು, ತೊಟ್ಟೆ ಒಂದೂ ಇಲ್ಲ, ಯಾಕೆ?" ಅಂತ ಕೇಳಿದಳು. ಕಾರಣ ಸರಳ. ತೊಟ್ಟೆಯನ್ನು ತೊಳೆದು ಒಣಗಿಸಿ, ಮನೆಮನೆಯಿಂದ ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡ್ತಾರೆ. ಮೂಲೆ ಮಾತ್ರ ಪಾತ್ರೆ ತೊಳೆದ ನೀರಿನೊಟ್ಟಿಗೆ ಹೊರಗೆ. ಆ ಸಂಜೆ ಮಕ್ಕಳು ಮನೆಗೆ ಹೋಗಿ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತೊಟ್ಟೆಗೇ ಅಂಟಿಕೊಂಡಿರಲಿ ಅಂತ ಅಮ್ಮಂದಿರಿಗೆ ಹೇಳಿದರು. ಭಾಷಣದಲ್ಲಿ ಆಗದ ಕೆಲಸ ಅದು.

ಇನ್ನೊಂದು. ತೋಡಿನ ಬದಿಯ ಮನೆಗಳಿಗೆ ಚೀಟಿ ಹಂಚುವುದಿದ್ದರೆ ಮಲಯಾಳದ ಜೊತೆ ಕನ್ನಡದಲ್ಲಿಯೂ ಅಚ್ಚು ಹಾಕಿಸಿ. ನಮ್ಮ ಓಣಿಯ ಅಜ್ಜಿಯಂದಿರಿಗೆ ಹಸಿ ಕಸ, ಒಣ ಕಸದ ನೋಟೀಸು ಬಂದಾಗ ಓದಿ ಹೇಳುವುದು ನನ್ನ ಕೆಲಸವೇ ಆಗಿಬಿಟ್ಟಿದೆ. ಅವರಿಗೆ ಮಲಯಾಳ ಮಾತು ಬರ್ತದೆ, ಅಕ್ಷರ ಬರುವುದಿಲ್ಲ.

ಕಸಬಾ ದೋಣಿ

ಟೀಚರ್ ಹೇಳಿದ್ದು ಸರಿ. ನೆಲ್ಲಿಕುಂಜೆ ತಮ್ಮ ಹೇಳಿದ್ದರಲ್ಲಿ ಒಂದು ವಿಷಯ ಸರಿ ಇಲ್ಲ. ತೋಡಿಗೆ ಅಡ್ಡ ಬಲೆ ಕಟ್ಟುದು ಅಂತ ಬರೆದಿದ್ದೀ ಅಲ್ವಾ, ಅದು ಆಗ್ಲಿಕ್ಕಿಲ್ಲ ಮಾರಾಯ. ಮೊದಲ ಮಳೆಗೆ ಹೊಸ ನೀರು ಇಳಿಯುವಾಗ ಮೀನು ಮೇಲೆ ಹತ್ತುವ ಸಮಯ. ಮುಗುಡು, ಸಣ್ಣಪುಟ್ಟ ತೋಡಿನ ಮೀನು ಎಲ್ಲ ಮೊಟ್ಟೆ ಇಡ್ಲಿಕ್ಕೆ ಗದ್ದೆಗೆ ಹೋಗುದು ಆಗಲೇ. ತಳದವರೆಗೆ ಬಲೆ ಇಳಿಸಿದರೆ ಕಸದೊಟ್ಟಿಗೆ ಅದನ್ನೂ ಹಿಡಿದ ಹಾಗೆ. ಹತ್ತುವ ಮೀನನ್ನು ಹಿಡಿಯುವವರು ಊರಲ್ಲಿ ಮೊದಲೇ ಸಾಕಷ್ಟು ಇದ್ದಾರೆ, ಪರಿಸರದವರೂ ಸೇರುದು ಬೇಡ.

ಇನ್ನು ಕಡಲ ಕಸ ಎಲ್ಲ ಅಡುಗೆಮನೆಯದ್ದು ಅಂತ ಹೇಳಿದರೆ ನಮ್ಮವರ ಪಾಲು ಬಿಟ್ಟ ಹಾಗೆ ಆಗ್ತದೆ. ನೈಲಾನ್ ಹಗ್ಗದ ತುಂಡು, ಹರಿದ ಬಲೆ, ಮೀನಿನ ಥರ್ಮಕೋಲ್ ಪೆಟ್ಟಿಗೆ, ಅದು ನಮ್ಮದೇ. ಥರ್ಮಕೋಲ್ ಒಮ್ಮೆ ಪುಡಿಯಾದರೆ ಮುಗೀತು, ಮಣಿಮಣಿಯಾಗಿ ಹೊಯ್ಗೆ, ಅಂದರೆ ಮರಳಿನೊಟ್ಟಿಗೆ ಸೇರ್ತದೆ. ಯಾವ ಗೋಣಿಗೂ ಹೆಕ್ಕಿ ತುಂಬ್ಲಿಕ್ಕೆ ಆಗುದಿಲ್ಲ.

ಬಲೆಯ ವಿಷಯಕ್ಕೆ ಒಂದು ಸಮಯ ಉಂಟು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ದೊಡ್ಡ ಬೋಟಿನವರು ಬಲೆ ಬಿಚ್ಚಿ ರಿಪೇರಿ ಮಾಡುದು ಆಗ. ಕತ್ತರಿಸಿದ ತುಂಡೆಲ್ಲ ಅಲ್ಲೇ ಕಾಲಬುಡದಲ್ಲಿ ಬೀಳ್ತದೆ, ಮಳೆಗೆ ಕಡಲಿಗೆ ಹೋಗ್ತದೆ. ರಿಪೇರಿ ಮಾಡುವ ಶೆಡ್ಡಿನ ಹತ್ರ ಎರಡು ಡ್ರಮ್ ಇಟ್ಟು, ತುಂಬಿದ ಕೂಡಲೇ ಬಂದು ತಗೊಂಡು ಹೋಗುವವರು ಇದ್ದರೆ ಸಾಕು. ನೀವು ಮೇ ತಿಂಗಳಲ್ಲಿ ಮಾಡುವ ಜಾಥಾಕ್ಕಿಂತ ಅದು ದೊಡ್ಡ ಉಪಕಾರ.

ಕೊಲ್ಲಂ ಹತ್ರ ನೀಂಡಕರದಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಅಂತ ಸುರು ಮಾಡಿದರು. ಬೋಟಿಗೆ ಚೀಲ ಕೊಟ್ಟರು. ಬಲೆಗೆ ಸಿಕ್ಕಿದ ಪ್ಲಾಸ್ಟಿಕ್ಕನ್ನು ವಾಪಸು ಕಡಲಿಗೆ ಬಿಸಾಡುವ ಬದಲು ದಡಕ್ಕೆ ತರುದು. ಅಲ್ಲಿ ತೊಳೆದು, ಹುಡಿ ಮಾಡಿ, ರಸ್ತೆಯ ಟಾರಿಗೆ ಹಾಕ್ಲಿಕ್ಕೆ ಕೊಟ್ಟರು. ನಮ್ಮ ಸಣ್ಣ ದೋಣಿಯಲ್ಲಿ ಜಾಗ ಕಮ್ಮಿ. ಆದರೂ ತರ್ಬಹುದು, ದಡದಲ್ಲಿ ಇಳಿಸಿಕೊಳ್ಳುವವರು ಬೇಕು. ತಂದು ಹೊಯ್ಗೆಯಲ್ಲಿ ಗುಪ್ಪೆ ಹಾಕಿದರೆ ಎಂತ ಬಂತು?

ನೆಲ್ಲಿಕುಂಜೆಯವ

ಅಣ್ಣಾ, ಮೀನು ಹತ್ತುವ ವಿಷಯ ಚರ್ಚೆಗೆ ಬಂದದ್ದು ಒಳ್ಳೇದಾಯಿತು. ಹಾಗಾದರೆ ತಳಕ್ಕೆ ಮುಟ್ಟದ ಹಾಗೆ ಮೇಲಿನ ಒಂದಡಿ ಮಾತ್ರ ತಡೆಯುವ ಏನಾದರೂ ಮಾಡಬಹುದಾ? ತೇಲುವ ಹಗ್ಗ ಕಟ್ಟಿ?

ಏತಡ್ಕದ ಕೃಷಿಕ

ನಾನು ಪೇಟೆಯವನಲ್ಲ, ಕುಂಬ್ಡಾಜೆ ಪಂಚಾಯತಿನ ಏತಡ್ಕದವ. ಕಡಲಿಗೂ ನಮಗೂ ಏನು ಸಂಬಂಧ ಅಂತ ಕೇಳಬೇಡಿ, ನಮ್ಮ ತೋಡಿನ ನೀರು ಕೊನೆಗೆ ನಿಮ್ಮಲ್ಲಿಗೇ ಬರುವುದು. ನೀರಿಗೆ ಅಡ್ಡ ಕಟ್ಟುವ ಕೆಲಸ ನಮಗೆ ತಲೆತಲಾಂತರದಿಂದ ಗೊತ್ತುಂಟು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಟ್ಟ ಹಾಕುವುದು ಮಳೆ ನಿಂತು ತೋಡಿನ ಸೆಳೆತ ಕಮ್ಮಿಯಾದ ಮೇಲೆ, ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ. ಒಂದು ಕಟ್ಟದ ನೀರು ನಿಂತು ಮೇಲಿನ ಕಟ್ಟದ ಬುಡದವರೆಗೆ ಬರಬೇಕು, ಹಾಗೆ ಸಾಲಾಗಿ ಕಟ್ಟಿದರೆ ಬೇಸಗೆಯಲ್ಲಿ ಬಾವಿಯಲ್ಲೂ, ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲೂ ನೀರು ಉಳಿಯುತ್ತದೆ, ಅಡಕೆ ತೋಟ ಬದುಕುತ್ತದೆ. ಒಬ್ಬನ ತೋಟದಲ್ಲಿ ಮಾತ್ರ ಕಟ್ಟಿ ಪ್ರಯೋಜನ ಇಲ್ಲ, ಬದಿಯವರೂ ಸೇರಬೇಕು. ಮಳೆಗೆ ಮುಂಚೆ ಬಿಡಿಸಲೇಬೇಕು. ಮಳೆಗಾಲದ ನೀರಿಗೆ ಎದುರು ನಿಲ್ಲುವ ಕಟ್ಟ ಈವರೆಗೆ ಯಾರೂ ಕಟ್ಟಿಲ್ಲ.

ಅಲ್ಲಿಂದ ನಿಮ್ಮ ವಿಷಯಕ್ಕೆ. ಜೂನ್‌ನಲ್ಲಿ ಅಡ್ಡಕ್ಕೆ ನೇರವಾಗಿ ಏನು ಕಟ್ಟಿದರೂ ಒಂದು ರಾತ್ರಿಯ ಮಳೆಗೆ ಕಸ ತುಂಬಿ ಒಡೆಯುತ್ತದೆ. ಒಡೆಯದಿದ್ದರೆ ಇನ್ನೂ ಕಷ್ಟ, ನೀರು ಹಿಂದಕ್ಕೆ ನಿಂತು ಬದಿಯ ಮನೆಗಳಿಗೆ ನುಗ್ಗುತ್ತದೆ. ಆಮೇಲೆ ನಿಮ್ಮ ಕ್ಲಬ್ಬಿನವರು ಆ ಓಣಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಓರೆಯಾಗಿ ಕಟ್ಟಿ. ಮೇಲ್ಗಡೆಯ ಒಂದು ದಡದಿಂದ ಕೆಳಗಡೆಯ ಇನ್ನೊಂದು ದಡಕ್ಕೆ ಓರೆ ಗೆರೆಯಲ್ಲಿ ತೇಲುವ ಅಡ್ಡ ಇದ್ದರೆ ನೀರು ಅಡಿಯಿಂದ ಹೋಗುತ್ತದೆ, ತೇಲಿ ಬಂದದ್ದು ಅಡ್ಡಕ್ಕೆ ತಾಗಿ ಜಾರಿ ಜಾರಿ ಕೆಳದಡದ ಮೂಲೆಯಲ್ಲಿ ಸೇರುತ್ತದೆ. ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನುಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿ, ಅದಕ್ಕೆ ಒಂದಡಿ ಬಲೆ ಜೋತುಬಿಟ್ಟರೆ ಆಯಿತು. ಹಗ್ಗದ ಒಂದು ತುದಿಯನ್ನು ಎಳೆದರೆ ಬಿಚ್ಚುವ ಹಾಗೆ ಗಂಟು ಹಾಕಿ. ನೆರೆ ಬಂದ ರಾತ್ರಿ ಯಾರಾದರೂ ಒಬ್ಬರು ಹೋಗಿ ಬಿಚ್ಚಬೇಕಾಗುತ್ತದೆ, ಆ ಒಬ್ಬರು ಯಾರು ಅಂತ ಈಗಲೇ ಗೊತ್ತು ಮಾಡಿ.

ಇನ್ನು, ಮೇಲೆ ಬಿಟ್ಟದ್ದು ಕೆಳಗೆ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದಿಯ ಎಣ್ಮಕಜೆಯಲ್ಲಿ ಗುಡ್ಡದ ಮೇಲಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಗುಡ್ಡದ ಬುಡದಲ್ಲಿ ಸುರಂಗದ ನೀರು ಕುಡಿಯುವ ಮನೆಗಳು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹಾಕಿದ್ದು 2011ರಲ್ಲಿ. ಹಾಸಿಗೆಯಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು ಈಗಲೂ ಇದ್ದಾರೆ. ಹಾಲಿನ ತೊಟ್ಟೆಯನ್ನು ಅದರೊಟ್ಟಿಗೆ ಇಡುವುದಲ್ಲ, ಆದರೆ ನೀರಿನ ದಾರಿ ಅದೇ.

ದುಬೈ ಕಾಸ್ರೋಡಿಗ

ಇಲ್ಲಿ ಬೀಚಿನಲ್ಲಿ ಬೆಳಗ್ಗೆ ಎದ್ದು ನೋಡಿದರೆ ಟ್ರಾಕ್ಟರ್ ಬಂದು ಹೊಯ್ಗೆಯನ್ನು ಸೋಸಿ ಹೋಗಿರುತ್ತದೆ. ಒಂದು ಕಡ್ಡಿ ಇರುವುದಿಲ್ಲ. ನಮ್ಮೂರಿಗೂ ಅಂಥದ್ದೊಂದು ಮೆಶಿನ್ ತರಿಸಿದರೆ ಇಷ್ಟೆಲ್ಲ ಚರ್ಚೆಯೇ ಬೇಡ. ಇಲ್ಲಿಯ ನಮ್ಮ ಗೆಳೆಯರು ಸೇರಿ ಹಣ ಒಟ್ಟು ಮಾಡಬಹುದು.

ಹಕ್ಕಿನೋಟ

ದಯವಿಟ್ಟು ಬೇಡ ಅಣ್ಣಾ. ನಿಮ್ಮ ಮನಸ್ಸು ದೊಡ್ಡದು, ಮೆಶಿನ್ ಬೇಡ.

ನಮ್ಮ ಹೊಯ್ಗೆ ದಿಬ್ಬವನ್ನು ಹಿಡಿದಿಟ್ಟಿರುವುದು ಅಡಂಬು ಬಳ್ಳಿ ಮತ್ತು ರಾವಣನ ಮೀಸೆ. ಅಡಂಬು ಅಂದರೆ ಆ ನೇರಳೆ ಹೂವಿನ, ಮೇಕೆಯ ಗೊರಸಿನ ಆಕಾರದ ಎಲೆಯ ಬಳ್ಳಿ. ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಹೊಯ್ಗೆಯ ಮೇಲೆ ಹರಡುತ್ತದೆ, ಗಾಳಿಗೆ ಹಾರಿ ಬಂದ ಹೊಯ್ಗೆ ಅದರಡಿ ನಿಂತು ದಿಬ್ಬ ಬೆಳೆಯುತ್ತದೆ. ರಾವಣನ ಮೀಸೆ ಮುಳ್ಳು ಮುಳ್ಳಿನ ಹುಲ್ಲು. ಕಾಲಿಗೆ ಚುಚ್ಚುತ್ತದೆ ಅಂತ ಎಲ್ಲರಿಗೂ ಅದರ ಮೇಲೆ ಸಿಟ್ಟು. ಕಳೆದ ಸಲ ಒಂದು ಕಡೆ ಸ್ವಚ್ಛತೆಯ ಹೆಸರಲ್ಲಿ ಜೆಸಿಬಿ ಇಳಿಸಿ ಕಸದೊಟ್ಟಿಗೆ ಇವೆರಡನ್ನೂ ಕೆರೆದು ರಾಶಿ ಹಾಕಿದರು. ಎಷ್ಟು ಚೊಕ್ಕ ಆಯಿತು ಅಂತ ಎಲ್ಲರಿಗೂ ಖುಷಿ. ಜುಲೈಯಲ್ಲಿ ಅದೇ ಜಾಗದಲ್ಲಿ ಕಡಲ್ಕೊರೆತ ಅಂತ ಮೆರವಣಿಗೆ.

ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಉಂಟು, ಅದನ್ನು ಬರೆದರೆ ಪುಟ ಸಾಲದು. ಕಪ್ಪು ಕಲ್ಲಿನ ಗೋಡೆ ಹಾಕಿದ ಕಡೆ ಕಲ್ಲು ನಿಲ್ಲುತ್ತದೆ, ಗೋಡೆ ಮುಗಿಯುವ ಕಡೆ ತೆಂಗಿನಮರ ಬೀಳುತ್ತದೆ. ಅದು ಕಡಲಬದಿಯವರಿಗೆಲ್ಲ ಗೊತ್ತಿರುವುದೇ.

ಗಾಳಿಮರ ನೆಡುವವರಿಗೂ ಒಂದು ಮಾತು. ವನಮಹೋತ್ಸವ ಬಂದ ಕೂಡಲೇ ಕಡಪ್ಪುರಕ್ಕೆ ಗಾಳಿಮರದ ಸಸಿ. ಅದು ನಮ್ಮ ಮರ ಅಲ್ಲ, ಅದರ ಉದುರೆಲೆಯಡಿ ಅಡಂಬು ಬೆಳೆಯುವುದಿಲ್ಲ. ಕಡಲಾಮೆ ಹತ್ತಿ ಬಂದು ಗುಂಡಿ ತೋಡಲು ಬಿಡಿ ಹೊಯ್ಗೆ ಬೇಕು, ಬೇರು ತುಂಬಿದ ನೆಲ ಆಗುವುದಿಲ್ಲ. ಒಲಿವ್ ರಿಡ್ಲೆ ಆಮೆ ನಮ್ಮ ಜಿಲ್ಲೆಯ ತೀರಕ್ಕೆ ಮೊಟ್ಟೆ ಇಡಲು ಈಗಲೂ ಬರುತ್ತದೆ. ನೀಲೇಶ್ವರದ ತೈಕಡಪ್ಪುರದಲ್ಲಿ ಊರವರೇ ರಾತ್ರಿ ಕಾವಲು ಕೂತು, ಮೊಟ್ಟೆಗೆ ಬೇಲಿ ಹಾಕಿ, ಮರಿಗಳನ್ನು ಕಡಲಿಗೆ ಬಿಟ್ಟು ಎಷ್ಟೋ ವರ್ಷ ಆಯಿತು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಏಳೆಂಟು ವಾರ ಬೇಕು. ಸೋಸುವ ಮೆಶಿನ್ನಿಗೆ ಅದೆಲ್ಲ ಗೊತ್ತಾಗುವುದಿಲ್ಲ. ನೆಡಲೇಬೇಕು ಅಂತಿದ್ದರೆ ಹಿಂದಿನ ಸಾಲಿನಲ್ಲಿ ಹೊನ್ನೆ, ಕೇದಗೆ, ನೆಕ್ಕಿ ನೆಡಿ. ಮುಂದಿನ ಸಾಲಿಗೆ ಏನೂ ನೆಡಬೇಡಿ, ತುಳಿಯದೆ ಬಿಟ್ಟರೆ ಅಡಂಬು ತಾನೇ ಬರುತ್ತದೆ.

ಪ್ರಶ್ನೆಪತ್ರಿಕೆ

"ಏನೂ ನೆಡಬೇಡಿ" ಅಂತ ಉದ್ಘಾಟನೆ ಹೇಗೆ ಮಾಡುವುದು?

ಹಕ್ಕಿನೋಟ

ಅದಕ್ಕೇ ಈಚೆಗೆ ಕಾಂಡ್ಲ (ಮ್ಯಾಂಗ್ರೋವ್) ನೆಡುವುದಕ್ಕೆ ಸುರು ಮಾಡಿದ್ದಾರೆ. ಕಾಂಡ್ಲ ಒಳ್ಳೆಯದೇ, ನಾನೂ ನೆಟ್ಟಿದ್ದೇನೆ. ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಒಬ್ಬರೇ ಸಾವಿರಗಟ್ಟಲೆ ಕಾಂಡ್ಲ ಗಿಡ ನೆಟ್ಟು ನಮಗೆಲ್ಲ ಕಣ್ಣು ತೆರೆಸಿದವರು, 2015ರಲ್ಲಿ ತೀರಿಕೊಂಡರು. ಆದರೆ ಅವರಿಗೆ ಎಲ್ಲಿ ನೆಡಬೇಕು ಅಂತ ಗೊತ್ತಿತ್ತು. ಇಲ್ಲಿ ಕೆಲವರು ಅಳಿವೆಯ ಬರಿ ಕೆಸರು ಕಂಡ ಕೂಡಲೇ ಖಾಲಿ ಜಾಗ ಅಂದುಕೊಳ್ಳುತ್ತಾರೆ. ಇಳಿತದ ಹೊತ್ತಿಗೆ ಹೋಗಿ ನೋಡಿ, ಅಲ್ಲಿ ಹೆಂಗಸರು ಮರುವಾಯಿ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ, ವಲಸೆ ಹಕ್ಕಿಗಳು ಕೊಕ್ಕು ಹಾಕಿ ಹುಳ ತೆಗೆಯುತ್ತಿರುತ್ತವೆ. ಅಲ್ಲಿ ಕಾಂಡ್ಲ ನೆಟ್ಟರೆ ಮರುವಾಯಿಯವರ ಸಂಜೆಯ ಸಾರು ಹೋಯಿತು, ಹಕ್ಕಿಯ ಊಟವೂ ಹೋಯಿತು. ಮೊದಲೇ ಕಾಂಡ್ಲ ಇದ್ದು ಕಡಿದ ಜಾಗ, ದಡ ಕುಸಿಯುವ ಜಾಗ, ಅಲ್ಲಿ ನೆಡಬೇಕು.

ಕಸಬಾ ದೋಣಿ

ಹೌದು. ನಮ್ಮ ಅತ್ತಿಗೆಯವರು ಈ ವಿಷಯಕ್ಕೆ ಒಬ್ಬ ಕಾಲೇಜು ಹುಡುಗನನ್ನು ಕೆಸರಲ್ಲೇ ನಿಲ್ಲಿಸಿ ಬೈದಿದ್ದಾರೆ.

ಹಸಿರು ಕೋಟು

ನಾನು ಹರಿತ ಕರ್ಮ ಸೇನೆಯಲ್ಲಿ ಇರುದು. ಪೇಟೆಯ ಹತ್ರದ ಒಂದು ಪಂಚಾಯತ್‌ನಲ್ಲಿ. ಎಲ್ಲರೂ ಕಸ ಹೆಕ್ಕುದರ ಬಗ್ಗೆ ಮಾತಾಡ್ತಿದ್ದೀರಿ, ಹೆಕ್ಕಿದ ಮೇಲೆ ಎಂತ ಅಂತ ಒಬ್ಬರೂ ಹೇಳ್ಲಿಲ್ಲ. ದೋಣಿ ಅಣ್ಣ ಮಾತ್ರ ಕೇಳಿದ್ರು.

ನಾವು ಮನೆಮನೆಗೆ ಹೋಗಿ ತಗೊಳ್ಳುದು ತೊಳೆದು ಒಣಗಿಸಿದ ಪ್ಲಾಸ್ಟಿಕ್. ಅದನ್ನು ಕಸ ಸೇರಿಸಿಡುವ ಶೆಡ್ಡಾದ ಎಂಸಿಎಫ್‌ಗೆ ತಂದು ಮೇಜಿನ ಮೇಲೆ ಸುರಿದು ಒಂದೊಂದೇ ಬೇರೆ ಮಾಡ್ತೇವೆ. ಹಾಲಿನ ತೊಟ್ಟೆ ಬೇರೆ, ಗಟ್ಟಿ ಡಬ್ಬ ಬೇರೆ, ನೀರಿನ ಬಾಟ್ಲಿ ಬೇರೆ. ಹೀಗೆ ಬೇರೆ ಮಾಡಿದ್ದಕ್ಕೆ ಕ್ಲೀನ್ ಕೇರಳ ಕಂಪೆನಿಯವರಿಂದ ಹಣ ಸಿಗ್ತದೆ. ಚಿಪ್ಸ್ ಪ್ಯಾಕೆಟ್, ಕೆಸರಾದದ್ದು, ಒಳಗೆ ಬೆಳ್ಳಿ ಬಣ್ಣ ಇರುದು, ಅದೆಲ್ಲ ರಿಜೆಕ್ಟ್. ಸಿಮೆಂಟ್ ಫ್ಯಾಕ್ಟರಿಗೆ ಸುಡ್ಲಿಕ್ಕೆ ಹೋಗ್ತದೆ, ಅದಕ್ಕೆ ನಮಗೆ ಏನೂ ಇಲ್ಲ.

ಈಗ ಕಡಪ್ಪುರ ಸ್ವಚ್ಛತೆಯ ದಿನ ಎಂತ ಆಗ್ತದೆ ಹೇಳ್ತೇನೆ. ಹನ್ನೊಂದು ಗಂಟೆಗೆ ನೀವು ಚಾ, ಪಫ್ಸ್ ತಿಂದು ಹೋಗ್ತೀರಿ. ಗೋಣಿ ರಸ್ತೆ ಬ‍ದಿಯಲ್ಲಿ. ಒಳಗೆ ಉಪ್ಪುನೀರು, ಹೊಯ್ಗೆ, ಡೈಪರ್, ಸತ್ತ ಮೀನು, ಒಡೆದ ಬಾಟ್ಲಿ, ಎಲ್ಲ ಒಟ್ಟಿಗೆ. ಹೊಯ್ಗೆಯ ಭಾರಕ್ಕೆ ಎತ್ಲಿಕ್ಕೆ ಆಗುದಿಲ್ಲ. ರಾತ್ರಿ ನಾಯಿ ಹರಿದು ಹಾಕ್ತದೆ, ಎರಡನೇ ದಿನ ಫೋನು ನಮಗೆ ಬರ್ತದೆ. ಗಾಜು ತಾಗಿ ಕೈ ಕೊಯ್ದುಕೊಂಡವರು ನಮ್ಮಲ್ಲಿ ಇದ್ದಾರೆ.

ತೋಡಿಗೆ ಇಳಿಯುವವರು ಹೀಗೆ ಮಾಡಿ. ಹೆಕ್ಕುವ ಜಾಗದಲ್ಲೇ ಮೂರು ರಾಶಿ ಮಾಡಿ. ಬಾಟ್ಲಿ ಮತ್ತು ಗಟ್ಟಿ ಪ್ಲಾಸ್ಟಿಕ್ ಒಂದು. ಚಪ್ಪಲಿ, ಬ್ಯಾಗು, ಥರ್ಮಕೋಲ್ ಒಂದು. ಉಳಿದದ್ದೆಲ್ಲ ರಿಜೆಕ್ಟ್. ಗಾಜು ಮಾತ್ರ ಬಕೆಟಿನಲ್ಲಿ, ಗೋಣಿಗೆ ಹಾಕ್ಬೇಡಿ. ಡೈಪರ್ ನಾವು ತಗೊಳ್ಳುವ ಹಾಗಿಲ್ಲ, ಅದನ್ನು ಎಂತ ಮಾಡುದು ಅಂತ ಮೊದಲೇ ಹೆಲ್ತ್ ಇನ್ಸ್‌ಪೆಕ್ಟರ್ ಹತ್ರ ಕೇಳಿ. ಒಂದು ದಿನ ಬಿಸಿಲಿಗೆ ಹರಡಿ ಒಣಗಿಸಿ, ಹೊಯ್ಗೆ ಕೊಡವಿ, ಆಮೇಲೆ ಕಟ್ಟಿ ಕೊಡಿ. ಮೇ ತಿಂಗಳಲ್ಲಿ ಬಿಸಿಲಿಗೆ ಎಂತ ಬರ ಇಲ್ಲ. ನಮ್ಮ ಗಾಡಿ ಬರುವ ದಿನ ಕೇಳಿ ಅದಕ್ಕೆ ಎರಡು ದಿನ ಮುಂಚೆ ಕೆಲಸ ಇಟ್ಟುಕೊಳ್ಳಿ.

ಮತ್ತೆ, ಪರಿಸರ ಪರಿಸರ ಅಂತ ಫೇಸ್‌ಬುಕ್ಕಲ್ಲಿ ಬರೆಯುವವರ ಮನೆಯಲ್ಲೇ ತಿಂಗಳಿಗೆ 50 ರೂಪಾಯಿ ಕೊಡ್ಲಿಕ್ಕೆ ಗೇಟು ತೆಗೆಯುದಿಲ್ಲ. ಇಲ್ಲಿ ಇರುವವರನ್ನು ಹೇಳಿದ್ದಲ್ಲ. ಇಲ್ಲಿ ಇದ್ದರೆ ಅವರನ್ನೂ ಹೇಳಿದ್ದೇ.

ನೆಲ್ಲಿಕುಂಜೆಯವ

ಅಕ್ಕಾ, ನೀವು ಹೇಳಿದ ಮೂರು ರಾಶಿಯನ್ನು ಬರೆದಿಟ್ಟುಕೊಂಡೆ. ಪಫ್ಸಿನ ಮಾತಿಗೆ ನಮ್ಮ ಗುಂಪಿನಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ.

ಸುಳ್ಯದವ

ನಾನು ಗಡಿಯ ಆಚೆಯವ, ಬರೆಯಬಹುದಾ ಗೊತ್ತಿಲ್ಲ. ನೀವು ಚಂದ್ರಗಿರಿ ಅನ್ನುವುದು ನಮಗೆ ಪಯಸ್ವಿನಿ. ಕೊಡಗಿನ ಪಟ್ಟಿಘಾಟಿಯಲ್ಲಿ ಹುಟ್ಟಿ ನಮ್ಮ ಪೇಟೆಯ ಬದಿಯಿಂದ ಇಳಿದು ಜಾಲ್ಸೂರು ದಾಟಿ ನಿಮ್ಮಲ್ಲಿಗೆ ಬರುತ್ತದೆ. ಹೊಳೆಬದಿಗೆ ಕೋಳಿ ಅಂಗಡಿಯ ತೊಟ್ಟೆ, ಮದುವೆ ಊಟದ ಎಲೆ, ಲೋಟ ರಾತ್ರಿ ತಂದು ಸುರಿದು ಹೋಗುವವರು ನಮ್ಮಲ್ಲಿಯೂ ಇದ್ದಾರೆ. ಮಳೆಗೆ ಎಲ್ಲ ನಿಮಗೆ ಪಾರ್ಸೆಲ್. ಬೇಸಗೆಯಲ್ಲಿ ಹೊಳೆ ಒಣಗಿದಾಗ ಕಲ್ಲು ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡದ್ದು ಕಾಣುತ್ತದೆ, ಹೆಕ್ಕುವುದಾದರೆ ಆಗಲೇ ಸುಲಭ. ನೀವು ದಿನ ಗೊತ್ತು ಮಾಡಿದರೆ ಅದೇ ದಿನ ನಾವು ಏಳೆಂಟು ಜನ ಇಲ್ಲಿ ಇಳಿಯಬಹುದು.

ಗಡಿನಾಡ ಸಿಂಹ

ಮೊದಲು ಕಾಸರಗೋಡು ಕರ್ನಾಟಕಕ್ಕೆ ಸೇರಲಿ, ಆಮೇಲೆ ಹೊಳೆಯ ವಿಷಯ ಮಾತಾಡೋಣ. 1956ರ ನವೆಂಬರ್ ಒಂದರಂದೇ ನಮಗೆ ಅನ್ಯಾಯ ಆಗಿದೆ.

ನಿರ್ವಾಹಕ

ಆ ವಿಷಯಕ್ಕೆ ಬೇರೆ ಎಳೆ ಉಂಟು, ಅದರಲ್ಲಿ ಈಗಾಗಲೇ ಸಾಕಷ್ಟು ಬೆಂಕಿ ಉಂಟು, ಅಲ್ಲಿ ಬರೆಯಿರಿ. ಇದು ತೋಡಿನ ಎಳೆ.

ತೋಡಿನಬದಿ ಟೀಚರ್

ಸುಳ್ಯದವರೇ, ಧಾರಾಳ ಬರೆಯಿರಿ. ಹೊಳೆಯ ನೀರನ್ನೇ ನಾವು ಕುಡಿಯುವುದು. ಬಾವಿಕ್ಕರೆಯಲ್ಲಿ ಮೊದಲು ವರ್ಷ ವರ್ಷ ಮರಳಿನ ಚೀಲ ಇಟ್ಟು ತಡೆ ಕಟ್ಟುತ್ತಿದ್ದರು. ಅದು ತಡವಾದರೆ, ಒಡೆದರೆ, ಕಡಲ ಭರತದ ನೀರು ಮೇಲಕ್ಕೆ ಬಂದು ಪೇಟೆಯ ನಳ್ಳಿಯಲ್ಲಿ ಉಪ್ಪುನೀರು. ಚಾಕ್ಕೆ ಸಕ್ಕರೆ ಹಾಕಿದರೂ ಉಪ್ಪು. ಈಗ ಅಲ್ಲಿ ಪಕ್ಕಾ ರೆಗ್ಯುಲೇಟರ್, ಅಂದರೆ ಬಾಗಿಲಿರುವ ತಡೆ ಆಗಿದೆ. ಅದೇ ಹೊಳೆಯಲ್ಲಿ ಭೀಮನಾಮೆ ಇರುವುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಹಕ್ಕಿನೋಟ

ಟೀಚರ್ ಹೇಳಿದ ಆಮೆಯ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಮೆತ್ತನೆ ಚಿಪ್ಪಿನ ದೊಡ್ಡ ಆಮೆ, ಕ್ಯಾಂಟರ್ ಆಮೆ ಅಂತ ಪುಸ್ತಕದ ಹೆಸರು. ಆಯುಸ್ಸಿನ ಹೆಚ್ಚಿನ ಪಾಲು ಹೊಳೆಯ ಹೊಯ್ಗೆಯಡಿ ಹೂತುಕೊಂಡು ಅಲುಗಾಡದೆ ಕೂತಿರುತ್ತದೆ, ಉಸಿರಿಗೆ ಆಗೊಮ್ಮೆ ಈಗೊಮ್ಮೆ ಮೂತಿ ಎತ್ತುತ್ತದೆ. ಹಾಗಾಗಿ ಹೊಳೆಬದಿಯವರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಸಂಶೋಧಕರು ಚಂದ್ರಗಿರಿಯಲ್ಲಿ ಅದನ್ನು ದಾಖಲಿಸಿದ್ದು ಈ ಹೊಳೆಬದಿಯವರು ಕೊಟ್ಟ ಸುದ್ದಿಯಿಂದಲೇ. ನೀರಿನಲ್ಲಿ ಮುಳುಗಿದ ಗೂಡಿನಿಂದ ಮೊಟ್ಟೆ ಎತ್ತಿ ಮರಿ ಮಾಡಿಸಿ ಹೊಳೆಗೆ ಬಿಟ್ಟದ್ದೂ ಆಗಿದೆ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹಕ್ಕಿ, ಹೂ, ಜೀವಿ ಅಂತ ಘೋಷಣೆ ಮಾಡಿತಲ್ಲ, ಅದರಲ್ಲಿ ಜೀವಿ ಈ ಆಮೆಯೇ. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಹದ್ದು ಗೂಡು ಕಟ್ಟುವುದು ಕಡಲಬದಿಯ ಎತ್ತರದ ಹಳೇ ಮರದಲ್ಲಿ, ಅದೇ ಗೂಡಿಗೆ ವರ್ಷ ವರ್ಷ ಕಡ್ಡಿ ಸೇರಿಸುತ್ತದೆ. ಘೋಷಣೆ ಆಯಿತು, ರಸ್ತೆ ಅಗಲ ಮಾಡುವಾಗ ಹಳೇ ಮರಗಳೂ ಹೋದವು.

ಹೊಯ್ಗೆ ತೆಗೆಯುವವರು ತೆಗೆಯುವುದು ಆಮೆ ಮಲಗುವ ಹಾಸಿಗೆಯನ್ನೇ. ಪ್ಲಾಸ್ಟಿಕ್ ಹೆಕ್ಕುವ ಹುರುಪಿನಲ್ಲಿ ಅದನ್ನು ಮರೆಯುವುದು ಬೇಡ. ರಾತ್ರಿ ಹೊಯ್ಗೆ ಲಾರಿಗೆ ದಾರಿ ಬಿಡುವವರೇ ಹಗಲು ಪರಿಸರ ದಿನಾಚರಣೆಗೆ ಅತಿಥಿಯಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಯಾರು, ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ.

ದುಬೈ ಕಾಸ್ರೋಡಿಗ

ಮೆಶಿನ್ ಯೋಚನೆ ಬಿಟ್ಟೆ. ಮತ್ತೆ ಯಾವುದಕ್ಕೆ ಹಣ ಬೇಕು ಹೇಳಿ.

ಕಸಬಾ ದೋಣಿ

ಬಲೆಯ ತುಂಡಿಗೆ ಎರಡು ಡ್ರಮ್. ಮಳೆಗಾಲ ನಾಲ್ಕು ತಿಂಗಳು ವಾರಕ್ಕೊಮ್ಮೆ ಪಿಕಪ್ ಬಾಡಿಗೆ. ಮತ್ತೆ ಗಂಬೂಟು. ಹಗ್ಗಕ್ಕೂ ಬಲೆಗೂ ಹಣ ಬೇಡ, ಹಳತು ನಮ್ಮಲ್ಲಿ ಬೇಕಾದಷ್ಟು ಉಂಟು. ಕ್ಯಾನು ಐಸ್ ಪ್ಲಾಂಟಿನ ಹತ್ರ ಕೇಳ್ತೇನೆ.

ಆಶಾ ಅಕ್ಕ

ಗಂಬೂಟಿನ ಮಾತು ಬಂತು ಅಂತ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಓದಿಕೊಂಡು ಸುಮ್ಮನಿರುತ್ತಿದ್ದೆ. ತೋಡಿನ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಕಾಲಿನಲ್ಲಿ ಸಣ್ಣ ಗಾಯ, ಬಿರುಕು ಇದ್ದರೂ ಸಾಕು, ಇಲಿಜ್ವರ ಬರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಅದರಿಂದ ಸಾಯುವವರಿದ್ದಾರೆ, ತಮಾಷೆಯ ವಿಷಯ ಅಲ್ಲ. ಕೆಸರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುವ ಕ್ರಮ ಉಂಟು. ಸರಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಹಿಂದಿನ ದಿನವೇ ಹೋಗಿ, ಕೇಳಿ, ಊಟ ಮಾಡಿ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಆ ಮಾತ್ರೆ ಕೊಡುವ ಹಾಗಿಲ್ಲ, ಅವರನ್ನು ತೋಡಿಗೆ ಇಳಿಸುವುದೇ ಬೇಡ. ಟೀಚರ್, ನಿಮ್ಮ ಮಕ್ಕಳು ದಡದಲ್ಲಿ ಕೂತು ಕಾರ್ಡು ಬರೆಯಲಿ. ಕೆಲಸ ಆದ ಮೇಲೆ ಎರಡು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಅಂಗಡಿಯ ಮಾತ್ರೆ ನುಂಗಿ ಮನೆಯಲ್ಲಿ ಕೂರಬೇಡಿ, ತೋಡಿಗೆ ಇಳಿದಿದ್ದೆ ಅಂತ ಡಾಕ್ಟ್ರಿಗೆ ಹೇಳಿ.

ತೋಡಿನಬದಿ ಟೀಚರ್

ಆಗಲಿ. ಕಾರ್ಡು ನಾನು ಮಾಡುತ್ತೇನೆ, ಎರಡೂ ಭಾಷೆಯಲ್ಲಿ. ಹಾಲಿನ ತೊಟ್ಟೆಯ ಮೂಲೆಗೆ ಬೇರೆಯೇ ಒಂದು ಸಾಲು.

ಪ್ರಶ್ನೆಪತ್ರಿಕೆ

ಇಷ್ಟು ಹೊತ್ತು ತಮಾಷೆ ಮಾಡಿದೆ. ನೆರೆ ಬಂದ ರಾತ್ರಿ ಹಗ್ಗ ಬಿಚ್ಚುವ ಒಬ್ಬರು ಬೇಕು ಅಂತ ಏತಡ್ಕದವರು ಬರೆದಿದ್ದಾರಲ್ಲ, ಆ ತೋಡು ನಮ್ಮ ಮನೆಯ ಹಿಂದೆಯೇ ಹೋಗುವುದು. ನೀರು ಏರಿದರೆ ಮೊದಲು ನಮ್ಮ ಅಂಗಳಕ್ಕೇ ಬರುವುದರಿಂದ ಹೇಗೂ ಎದ್ದಿರುತ್ತೇನೆ. ಗಂಟು ಹೇಗೆ ಅಂತ ತೋರಿಸಿಕೊಡಿ. ಟೀ ಶರ್ಟು ಬೇಡ.

ನೆಲ್ಲಿಕುಂಜೆಯವ

ಹಾಗಾದರೆ ಮೇ ತಿಂಗಳ ಎರಡನೇ ಭಾನುವಾರ ಅಂತ ಇಟ್ಟುಕೊಳ್ಳೋಣ. ಬೆಳಗ್ಗೆ ಆರೂವರೆಗೆ, ಬಿಸಿಲು ಏರುವ ಮೊದಲು ಮುಗಿಯಬೇಕು. ಸುಳ್ಯದವರೇ, ನಿಮಗೂ ಅದೇ ದಿನ ಆಗಬಹುದಾ? ತೋಡು ನಗರಸಭೆಯದ್ದು, ಹೇಳದೆ ಹಗ್ಗ ಕಟ್ಟಿದರೆ ನಾಳೆ ತಕರಾರು. ಕೌನ್ಸಿಲರ ಹತ್ತಿರ ನಾಳೆ ಕಾಗದ ತೆಗೆದುಕೊಂಡು ಹೋಗುತ್ತೇನೆ. ಉದ್ಘಾಟನೆ ಇಲ್ಲ ಅಂತ ಕ್ಲಬ್ಬಿನಲ್ಲಿ ಹೇಳಿದ್ದಕ್ಕೆ ಮೂವರು ಗುಂಪು ಬಿಟ್ಟರು, ಹೊಸದಾಗಿ ಇಬ್ಬರು ಸೇರಿದರು.

ಹಸಿರು ಕೋಟು

ನಮ್ಮ ಗಾಡಿ ಬರುದು ಮಂಗಳವಾರ. ಭಾನುವಾರ ಹೆಕ್ಕಿದ್ದು ಸೋಮವಾರ ಇಡೀ ಬಿಸಿಲಿಗೆ ಒಣಗ್ಲಿ, ಸರಿ ಆಗ್ತದೆ. ಒಣಗಿಸ್ಲಿಕ್ಕೆ ಜಾಗ ಯಾರದ್ದು? ನಾಯಿ ಬರದ ಹಾಗೆ ಗೇಟು ಇರುವ ಅಂಗಳ ಬೇಕು.

ಏತಡ್ಕದ ಕೃಷಿಕ

ಅಡಕೆ ಒಣಗಿಸುವ ಅಂಗಳ ನಮ್ಮಲ್ಲಿ ದೊಡ್ಡದೇ ಉಂಟು, ಆದರೆ ಪೇಟೆಯಿಂದ ಅಲ್ಲಿಗೆ ಹೊತ್ತು ತರುವವರು ಯಾರು? ಪೇಟೆಯಲ್ಲೇ ನೋಡಿ. ಗಂಟು ತೋರಿಸಲು ನಾನು ಶನಿವಾರ ಸಂಜೆ ಬರುತ್ತೇನೆ, ಬದಿಯಡ್ಕದಿಂದ ಬಸ್ಸುಂಟು.

ತೋಡಿನಬದಿ ಟೀಚರ್

ನಮ್ಮ ಅಂಗಳಕ್ಕೆ ಗೇಟು ಉಂಟು. ಡೈಪರ್ ಮಾತ್ರ ತರಬೇಡಿ.